ಸದ್ದಿನ ಹಿಂದೊಂದು ಹಡಗು

ಶಾಲೆಯಲ್ಲಿ ನನಗೆ ಮೊದಲು ಅರ್ಥವಾದ ಇಂಗ್ಲಿಷ್ ವಾಕ್ಯ 'ಡೋಂಟ್ ಮೇಕ್ ನಾಯ್ಸ್'. ಹಾಗೆನ್ನುತ್ತ ಟೀಚರು ಸ್ಕೇಲಿನಿಂದ ಮೇಜು ಕುಟ್ಟುತ್ತಿದ್ದರು. ನಮ್ಮ ಗುಸುಗುಸುವಿಗಿಂತ ಆ ಕುಟ್ಟಾಟವೇ ಜೋರು. ಆದರೂ ನಾಯ್ಸ್ ನಮ್ಮದು, ಅವರದಲ್ಲ!

ಈ ಪದದ ಕುಲಗೋತ್ರ ನೋಡಿದರೆ ತಮಾಷೆಯಾಗಿದೆ. ಇಂಗ್ಲಿಷಿಗೆ ಇದು ಬಂದದ್ದು ಹಳೆಯ ಫ್ರೆಂಚಿನಿಂದ. ಅಲ್ಲಿ ಜಗಳ, ಗದ್ದಲ ಎಂದರ್ಥ. ಕಾಲು ಕೆರೆದು ಜಗಳಕ್ಕೆ ಬರುವವನು 'ನ್ವಾಜ್ ಹುಡುಕುತ್ತಾನೆ' ಎಂಬ ಮಾತು ಫ್ರೆಂಚರಲ್ಲಿ ಇಂದಿಗೂ ಇದೆ. ಬರಿಯ ಸದ್ದಿಗೆ ಅವರ ಪದವೇ ಬೇರೆ. ಇನ್ನೂ ಹಿಂದಕ್ಕೆ ಹೋದರೆ, ಲ್ಯಾಟಿನ್ನಿನಲ್ಲಿ ಹಾನಿ ಎಂಬರ್ಥದ ಪದವೇ ಇದರ ಮೂಲ ಎನ್ನುವವರು ಕೆಲವರು. ಬಹುಪಾಲು ನಿಘಂಟುಗಳು ತೋರಿಸುವುದು 'ನಾಸಿಯಾ' ಎಂಬ ಪದವನ್ನು. ಅಂದರೆ ವಾಕರಿಕೆ, ಅದರಲ್ಲೂ ಸಮುದ್ರಯಾನದ ವಾಕರಿಕೆ. ಅದರೊಳಗಿರುವುದು ಗ್ರೀಕಿನ 'ನೌಸ್', ಹಡಗು. ನಮ್ಮ ನೌಕೆ, ನಾವಿಕ ಇವು ಅದೇ ಬಳ್ಳಿಯ ಕುಡಿಗಳು.

ಹೊಟ್ಟೆ ತೊಳಸುವುದಕ್ಕೂ ಗದ್ದಲಕ್ಕೂ ಎಲ್ಲಿಯ ನಂಟು ಎಂದು ಪಂಡಿತರು ತಲೆ ಕೆಡಿಸಿಕೊಂಡಿದ್ದಾರೆ. ಬಸುರಿಯಾಗಿದ್ದಾಗ ಒಗ್ಗರಣೆಯ ಚಟಪಟ ಕೇಳಿದೊಡನೆ ಬಚ್ಚಲಿಗೆ ಓಡುತ್ತಿದ್ದ ನನಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ.

ಹಾಗೆಂದು ಈ ಪದ ಯಾವಾಗಲೂ ಬೈಗುಳವಾಗಿರಲಿಲ್ಲ. 1611ರ ಇಂಗ್ಲಿಷ್ ಬೈಬಲಿನಲ್ಲಿ ದೇವರೆದುರು ಭಕ್ತರು ಸಂತೋಷದಿಂದ ಎತ್ತುವ ದನಿಯೂ ನಾಯ್ಸೇ.

ನನ್ನ ತಕರಾರಿರುವುದು ನಮ್ಮ ಅನುವಾದದ ಮೇಲೆ. ನಾಯ್ಸ್ ಪೊಲ್ಯೂಷನ್ನಿಗೆ ನಾವು 'ಶಬ್ದಮಾಲಿನ್ಯ' ಎಂದು ಹೆಸರಿಟ್ಟೆವು. 2000ದ ನಿಯಮದಂತೆ ವಾಸದ ಬಡಾವಣೆಯಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮೀರಬಾರದು. ನಿಯಮ ಸರಿಯೇ, ಮದುವೆ ಛತ್ರದ ಪಕ್ಕದಲ್ಲಿ ಮಕ್ಕಳನ್ನು ಓದಿಸಿದವರಿಗೆ ಅದರ ಬೆಲೆ ಗೊತ್ತು. ಆದರೆ ಕನ್ನಡದಲ್ಲಿ ಶಬ್ದವೆಂದರೆ ಸದ್ದೂ ಹೌದು, ಪದವೂ ಹೌದು. ಕೇಶಿರಾಜ ತನ್ನ ವ್ಯಾಕರಣಕ್ಕೆ 'ಶಬ್ದಮಣಿದರ್ಪಣ' ಎಂದು ಹೆಸರಿಟ್ಟ. ಅವನಿಗೆ ಮಣಿಯಾದದ್ದಕ್ಕೆ ನಾವು ಮಾಲಿನ್ಯವನ್ನು ಅಂಟಿಸಿದೆವು. 'ಗದ್ದಲ' ಎಂಬ ಅಚ್ಚುಕಟ್ಟಾದ ಮಾತು ಕೈಯಳತೆಯಲ್ಲೇ ಇತ್ತಲ್ಲ!

ವಿಜ್ಞಾನಿಗಳ ನಾಯ್ಸ್ ಇನ್ನೊಂದು ಬಗೆ. 1948ರಲ್ಲಿ ಕ್ಲಾಡ್ ಶಾನನ್ ಸಂವಹನದ ಗಣಿತ ಬರೆದಾಗ, ಸಂದೇಶ ದಾರಿಯಲ್ಲಿ ಹೋಗುವಾಗ ಅದರೊಳಗೆ ಸೇರಿ ಕೆಡಿಸುವುದನ್ನು ಹೀಗೆ ಕರೆದರು. ಅದು ಕಿವಿಗೆ ಕೇಳಲೇಬೇಕೆಂದಿಲ್ಲ. ಹಳೆಯ ಟೀವಿಯ ಪರದೆಯ ಮೇಲೆ ಕುಣಿಯುತ್ತಿದ್ದ ಚುಕ್ಕೆಗಳೂ ನಾಯ್ಸೇ.

ಈ ವ್ಯಾಖ್ಯೆ ಓದಿದಾಗ ನಮ್ಮತ್ತೆ ನೆನಪಾದರು. ಸಿಟ್ಟು ಬಂದರೆ ಬಾಯಿ ಬಿಡುತ್ತಿರಲಿಲ್ಲ, ಪಾತ್ರೆ ಕುಕ್ಕುತ್ತಿದ್ದರು. ಹಜಾರದಿಂದ ಮಾವನವರು, "ಏನದು ಸದ್ದು?" ಎಂದು ಕೂಗುತ್ತಿದ್ದರು. ಅಡುಗೆಮನೆಯಲ್ಲಿದ್ದ ನನಗೆ ಮಾತ್ರ ಎಲ್ಲ ತಿಳಿಯುತ್ತಿತ್ತು. ಲೋಟ ಕುಕ್ಕಿದರೆ ನನ್ನ ಮೇಲೆ, ಕೊಳದಪ್ಪಲೆಯಾದರೆ ಮಾವನವರ ಮೇಲೆ.