ಮಗ್ಗದ ಮನೆತನದ ವಾಹನ

ತಿಪಟೂರಿನಿಂದ ನೊಣವಿನಕೆರೆಯ ಮಾರ್ಗವಾಗಿ ತುರುವೇಕೆರೆಗೆ ಹೋಗುವಾಗಲಾಗಲಿ, ಚಿಕ್ಕನಾಯಕನಹಳ್ಳಿಯನ್ನು ಬಿಟ್ಟು ಹುಳಿಯಾರಿನ ಕಡೆಗೆ ಸಾಗುವಾಗಲಾಗಲಿ, ತೋಟದ ಮನೆಗಳ ಮುಂದೆ ತಗಡಿನ ಮಾಡಿನ ಕೆಳಗೆ ನಿಂತಿರುವ ವಾಹನಗಳನ್ನು ಗಮನವಿಟ್ಟು ನೋಡುವ ಅಭ್ಯಾಸವುಳ್ಳವನಿಗೆ, ಎಷ್ಟೋ ಹೆಸರಿನ ಕಾರುಗಳು ಈ ಸೀಮೆಗೆ ಬಂದು ಮಿಂಚಿ ಮರೆಯಾದರೂ ಟೊಯೋಟಾ ಸಂಸ್ಥೆಯ ಕ್ವಾಲಿಸ್ ಮತ್ತು ಇನ್ನೋವಾ ಎಂಬ ಎರಡು ವಾಹನಗಳು ತಮ್ಮ ಸ್ಥಾನವನ್ನು ಬಿಟ್ಟುಕೊಡದೆ ಉಳಿದಿರುವುದು ಗೋಚರವಾಗದೆ ಇರದು. ಕೊಬ್ಬರಿಯ ಧಾರಣೆ ಏರಿದ ವರ್ಷ ಗಾಡಿ ಕೊಳ್ಳುವುದು, ಇಳಿದ ವರ್ಷ ಇದ್ದುದರಲ್ಲೇ ಸುಧಾರಿಸಿಕೊಳ್ಳುವುದು ಇಲ್ಲಿಯ ಸಂಸಾರಗಳ ಕ್ರಮ. ನುಸಿಪೀಡೆಯನ್ನೂ ಬರವನ್ನೂ ಕಂಡುಂಡ ಈ ಜನಕ್ಕೆ ವಾಹನದಿಂದ ಬೇಕಾದದ್ದು ಅಲಂಕಾರಕ್ಕಿಂತ ಮುಖ್ಯವಾಗಿ ಬಾಳಿಕೆ. ಆ ಬಾಳಿಕೆ ಎಂಬ ಗುಣ ಟೊಯೋಟಾ ವಾಹನಗಳಿಗೆ ಎಲ್ಲಿಂದ ಬಂದಿತು ಎಂದು ವಿಚಾರಿಸಿದರೆ, ಉತ್ತರ ಕಾರಿನ ಕಾರ್ಖಾನೆಯಲ್ಲಿ ಅಲ್ಲ, ಅದಕ್ಕೂ ಹಿಂದಿನ ಒಂದು ಮಗ್ಗದಲ್ಲಿ ದೊರೆಯುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯ.

ಸಾಕಿಚಿ ಟೊಯೋಡಾ 1867ರಲ್ಲಿ ಜಪಾನಿನ ಒಂದು ಹಳ್ಳಿಯಲ್ಲಿ ಬಡಗಿಯ ಮಗನಾಗಿ ಜನಿಸಿದವನು. ಮರದ ಕೈಮಗ್ಗವೊಂದನ್ನು ಸುಧಾರಿಸಿ 1891ರಲ್ಲಿ ಅದರ ಪೇಟೆಂಟನ್ನು ಪಡೆದ ಆತನು ಅಲ್ಲಿಂದ ಮುಂದೆ ಜೀವಮಾನವನ್ನೆಲ್ಲ ಮಗ್ಗದ ಪರಿಷ್ಕಾರಕ್ಕೇ ಮುಡಿಪಾಗಿಟ್ಟನು. 1924ರಲ್ಲಿ ಆತನು ಸಿದ್ಧಪಡಿಸಿದ ಸ್ವಯಂಚಾಲಿತ ಮಗ್ಗ ಲೋಕದ ಗಮನವನ್ನು ಸೆಳೆಯಿತು. ಓಡುತ್ತಿರುವಾಗಲೇ ಲಾಳಿಯನ್ನು ತಾನಾಗಿ ಬದಲಾಯಿಸಿಕೊಳ್ಳುವುದು ಆ ಯಂತ್ರದ ಒಂದು ವೈಶಿಷ್ಟ್ಯ. ಹಾಸಿನ ಒಂದೇ ಒಂದು ಎಳೆ ಕಡಿದರೂ ತಕ್ಷಣ ತಾನಾಗಿ ನಿಂತುಬಿಡುವುದು ಇನ್ನೊಂದು. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚಿನದು. ಎಳೆ ಕಡಿದ ಮೇಲೂ ಮಗ್ಗ ಓಡುತ್ತಲೇ ಇದ್ದರೆ ನೇಯ್ದ ಬಟ್ಟೆಯೆಲ್ಲ ದೋಷಯುಕ್ತವಾಗುತ್ತದೆ. ಆದುದರಿಂದ ದೋಷ ಕಂಡ ಕ್ಷಣವೇ ನಿಲ್ಲುವುದು, ನಿಂತು ಅದನ್ನು ಸರಿಪಡಿಸುವುದು, ಅನಂತರವೇ ಮುಂದುವರಿಯುವುದು ಎಂಬ ನಿಯಮವನ್ನು ಆತನು ಯಂತ್ರದ ಒಳಗೇ ಅಳವಡಿಸಿದನು. 1926ರಲ್ಲಿ ಮಗ್ಗದ ಕಾರ್ಖಾನೆ ಸ್ಥಾಪಿತವಾಯಿತು. 1929ರಲ್ಲಿ ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್ ಸಂಸ್ಥೆ ಈ ಮಗ್ಗದ ಹಕ್ಕಿಗಾಗಿ ಒಂದು ಲಕ್ಷ ಪೌಂಡುಗಳನ್ನು ಕೊಡಲೊಪ್ಪಿತು. ಜವಳಿ ಯಂತ್ರಗಳ ತವರಾದ ದೇಶವೇ ಬಡಗಿಯ ಮಗನ ಮಗ್ಗಕ್ಕೆ ಬೆಲೆ ಕಟ್ಟಿದುದು ಸಾಮಾನ್ಯವಾದ ಗೌರವವಲ್ಲ.

ಸಾಕಿಚಿಯ ಮಗ ಕೀಚಿರೋ 1933ರಲ್ಲಿ ಅದೇ ಮಗ್ಗದ ಕಾರ್ಖಾನೆಯೊಳಗೆ ಮೋಟಾರು ವಿಭಾಗವನ್ನು ತೆರೆದನು. 1936ರಲ್ಲಿ ಮೊದಲ ಕಾರು ಮಾರಾಟಕ್ಕೆ ಬಂದಿತು. 1937ರಲ್ಲಿ ಟೊಯೋಟಾ ಮೋಟಾರು ಸಂಸ್ಥೆ ಸ್ವತಂತ್ರವಾಗಿ ಹುಟ್ಟಿತು. ಯುದ್ಧದ ತರುವಾಯ ಸಂಸ್ಥೆ ದಿವಾಳಿಯ ಅಂಚಿಗೆ ಬಂದು, ಕಾರ್ಮಿಕರನ್ನು ಕೆಲಸದಿಂದ ಬಿಡಿಸಬೇಕಾಗಿ ಬಂದಾಗ, 1950ರಲ್ಲಿ ಕೀಚಿರೋ ತಾನೂ ಅಧ್ಯಕ್ಷ ಪದವಿಯನ್ನು ತ್ಯಜಿಸಿದನು. ಎರಡು ವರ್ಷಗಳೊಳಗೆ ಆತನ ಮರಣವೂ ಸಂಭವಿಸಿತು. ಮುಂದೆ ತೈಚಿ ಓನೋ ಎಂಬ ಮಹಾಶಯನು ಮಗ್ಗದ ಆ ಹಳೆಯ ನಿಯಮವನ್ನು ಕಾರು ಜೋಡಿಸುವ ಸಾಲಿಗೇ ಅನ್ವಯಿಸಿದನು. ಸಾಲಿನಲ್ಲಿ ನಿಂತ ಯಾವ ಕೆಲಸಗಾರನಾದರೂ ದೋಷವನ್ನು ಕಂಡೊಡನೆ ಹಗ್ಗವನ್ನೆಳೆದು ಮೇಲಿನವರನ್ನು ಕರೆಯಬಹುದು. ದೋಷ ಆಗಿಂದಾಗ್ಗೆ ಪರಿಹಾರವಾಗದಿದ್ದರೆ ಇಡೀ ಸಾಲೇ ನಿಲ್ಲುತ್ತದೆ. ಜಗತ್ತಿನ ವಾಣಿಜ್ಯ ವಿದ್ಯಾಲಯಗಳೆಲ್ಲ ಈಗ ಅಧ್ಯಯನ ಮಾಡುವ ಟೊಯೋಟಾ ಪದ್ಧತಿಯ ಎರಡು ಕಂಬಗಳಲ್ಲಿ ಇದು ಒಂದು. ಬೇಕಾದ ವಸ್ತು ಬೇಕಾದ ಹೊತ್ತಿಗೆ ಬೇಕಾದಷ್ಟೇ ಬರಬೇಕೆಂಬುದು ಇನ್ನೊಂದು.

ಈ ಸಂಸ್ಥೆ ನಮ್ಮ ನಾಡಿಗೆ ಬಂದಾಗ ಅದರ ಕೈಹಿಡಿದವರು ಕಿರ್ಲೋಸ್ಕರ್ ಮನೆತನದವರು. ಈ ಹೆಸರನ್ನು ತೆಂಗಿನ ಸೀಮೆಯವರಿಗೆ ಪರಿಚಯಿಸಬೇಕಾಗಿಲ್ಲ. ತಲೆಮಾರುಗಳಿಂದ ನಮ್ಮ ಬಾವಿಗಳ ಮೇಲೆಯೂ ಪಂಪುಮನೆಗಳ ಒಳಗೂ ಆ ಹೆಸರಿನ ಫಲಕವುಳ್ಳ ಪಂಪುಗಳು ನೀರನ್ನೆತ್ತುತ್ತ ಬಂದಿವೆ. ಸಾಕಿಚಿಗಿಂತ ಎರಡು ವರ್ಷ ಕಿರಿಯರಾದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯನ್ನು ತೆರೆದು, ಅನಂತರ ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ತಯಾರಿಸಿ, ಕಬ್ಬಿಣ ತಗುಲಿದರೆ ಮಣ್ಣು ಕೆಡುತ್ತದೆಂದು ಅಂಜುತ್ತಿದ್ದ ರೈತರನ್ನು ತಾಳ್ಮೆಯಿಂದ ಒಲಿಸಿಕೊಂಡವರು. ಒಕ್ಕಲುಮಗನ ನೇಗಿಲಿನಿಂದ ಒಂದು ಮನೆತನ, ನೇಕಾರನ ಮಗ್ಗದಿಂದ ಇನ್ನೊಂದು ಮನೆತನ, ಹೀಗೆ ಹೊರಟವರು ಸಂಧಿಸಿದ್ದು ಮೊದಲು ಕಾರಿನಲ್ಲಿ ಅಲ್ಲ; 1995ರಲ್ಲಿ ಬೆಂಗಳೂರಿನ ಬಳಿ ಜವಳಿ ಯಂತ್ರಗಳನ್ನು ತಯಾರಿಸುವ ಕಿರ್ಲೋಸ್ಕರ್ ಟೊಯೋಡಾ ಸಂಸ್ಥೆಯಲ್ಲಿ. ಕಾರಿನ ಸಂಸ್ಥೆಯಾದ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ 1997ರಲ್ಲಿ ಸ್ಥಾಪಿತವಾಗಿ, ಬಿಡದಿಯ ಕಾರ್ಖಾನೆಯಿಂದ 1999ರ ಡಿಸೆಂಬರಿನಲ್ಲಿ ವಾಹನಗಳು ಹೊರಬರಲಾರಂಭಿಸಿದವು.

ಮೊದಲು ಬಂದದ್ದು ಕ್ವಾಲಿಸ್, 2000ದ ಜನವರಿಯಲ್ಲಿ. ಇಂಡೋನೇಷ್ಯದಲ್ಲಿ 1977ರಿಂದ ಪ್ರಚಾರದಲ್ಲಿದ್ದ ಕಿಜಾಂಗ್ ಎಂಬ ವಾಹನದ ವಂಶದ್ದು ಅದು. ಪೆಟ್ಟಿಗೆಯಾಕಾರದ ಅದರ ಮೈಕಟ್ಟನ್ನು ನೋಡಿ, ಹೊರದೇಶಗಳಲ್ಲಿ ಹಳತಾದುದನ್ನು ನಮ್ಮ ಮೇಲೆ ಹೊರಿಸುತ್ತಿದ್ದಾರೆಂದು ಪತ್ರಿಕೆಗಳ ವಿಮರ್ಶಕರು ಮೂಗು ಮುರಿದದ್ದುಂಟು. ಜನ ಆ ಮಾತಿಗೆ ಕಿವಿಗೊಡಲಿಲ್ಲ. 2.4 ಲೀಟರಿನ, ಎಪ್ಪತ್ತೈದು ಕುದುರೆಶಕ್ತಿಯ, ಅವಸರವನ್ನೇ ಅರಿಯದ ಆ ಡೀಸೆಲ್ ಎಂಜಿನ್ನು, ಮೇಲೆ ಕ್ಯಾರಿಯರ್ ತುಂಬ ಗಂಟುಮೂಟೆ, ಒಳಗೆ ಹತ್ತು ಜನ, ಅವರ ಮಡಿಲಲ್ಲಿ ಮಕ್ಕಳು, ಇಷ್ಟನ್ನೂ ಹೊತ್ತುಕೊಂಡು ಶಿರಾಡಿ ಘಾಟಿಯನ್ನಿಳಿದು ಧರ್ಮಸ್ಥಳವನ್ನು ಮುಟ್ಟಿಸಿ ಮರುದಿನ ಹಾಗೆಯೇ ಏರಿ ಬರುತ್ತಿದ್ದುದನ್ನು ಕಣ್ಣಾರೆ ಕಂಡವರಿಗೆ ವಿಮರ್ಶೆಯ ಹಂಗು ಇರಲಿಲ್ಲ. ಎಂಜಿನ್ನಿನ ರಚನೆ ಸರಳವಾದುದರಿಂದ ಚಿಕ್ಕ ಊರಿನ ಮೇಸ್ತ್ರಿಯೂ ಅದನ್ನು ಬಿಚ್ಚಿ ಕಟ್ಟಬಲ್ಲವನಾಗಿದ್ದನು. ಕ್ವಾಲಿಸ್ ಓಡಿಸಿ ಕೂದಲು ನರೆತ ಚಾಲಕರೊಬ್ಬರನ್ನು ತಿಪಟೂರಿನ ಬಿ.ಎಚ್. ರಸ್ತೆಯ ಟ್ಯಾಕ್ಸಿ ನಿಲ್ದಾಣದಲ್ಲಿ ವಿಚಾರಿಸಿದಾಗ ಅವರು ಹೇಳಿದ್ದು ಇಷ್ಟೇ: “ಗಾಡಿ ದಾರೀಲಿ ಕೈ ಕೊಡಬಾರ್ದು ಸ್ವಾಮಿ. ಇದು ಕೊಟ್ಟಿಲ್ಲ.”

ಮಾರಾಟ ಭರದಿಂದ ನಡೆಯುತ್ತಿರುವಾಗಲೇ ಕ್ವಾಲಿಸ್‌ನ ತಯಾರಿಕೆಯನ್ನು ನಿಲ್ಲಿಸಿ, 2005ರ ಆರಂಭದಲ್ಲಿ ಸಂಸ್ಥೆ ಇನ್ನೋವಾವನ್ನು ತಂದಿತು. ಅದೇ ಗಟ್ಟಿಯಾದ ಪ್ರತ್ಯೇಕ ಚಾಸಿಸ್, ಅದೇ ಹಿಂಬದಿಯ ಚಕ್ರಗಳ ಎಳೆತ, ಆದರೆ ಎಂಜಿನ್ನು ಹೊಸ ಕಾಲದ್ದು: 2.5 ಲೀಟರಿನ ಕಾಮನ್ ರೈಲ್ ಡೀಸೆಲ್. ಕುಳಿತವನ ಸೊಂಟಕ್ಕೆ ಹಿತವಾದ ಆಸನಗಳ ವಿಷಯದಲ್ಲಿ ಇದಕ್ಕೆ ಸಾಟಿಯಾದ ಇನ್ನೊಂದು ವಾಹನ ಬಹುಕಾಲ ಬರಲಿಲ್ಲ.

ಹಳೆಯ ಇನ್ನೋವಾ ಒಂದು ಕೈಯಿಂದ ಕೈಗೆ ಹೋಗುವಾಗ ನಡೆಯುವ ಪರೀಕ್ಷೆ ಈ ಸೀಮೆಯಲ್ಲಿ ನೋಡತಕ್ಕದ್ದಾಗಿದೆ. ಅಟ್ಟದ ಮೇಲೆ ಹತ್ತು ತಿಂಗಳು, ವರ್ಷ ಒಣಗಿದ ಕಾಯನ್ನು ಕೈಗೆತ್ತಿಕೊಂಡು ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಗಿಟುಕು ಸದ್ದು ಮಾಡುವ ರೀತಿಯಿಂದಲೇ ಅದರ ಪಕ್ವತೆಯನ್ನು ತಿಳಿಯುವವನು ಅದೇ ಏಕಾಗ್ರತೆಯಿಂದ ಎಂಜಿನ್ನಿಗೂ ಕಿವಿಗೊಡುತ್ತಾನೆ. ಬೆಳಗಿನ ತಂಪಿನಲ್ಲಿ, ಮಾಲೀಕ ಮೊದಲೇ ಚಾಲೂ ಮಾಡಿ ಬಿಸಿಯೇರಿಸಿರದ ಗಾಡಿಯೇ ಬೇಕು. ಜೊತೆಗೆ ಬಂದ ಮೇಸ್ತ್ರಿ ಕೀಲಿ ತಿರುಗಿಸಿ, ಮೊದಲ ಸುತ್ತಿಗೇ ಹಿಡಿಯಿತೇ ಎಂದು ಗಮನಿಸಿ, ಎಂಜಿನ್ನು ಆಡುತ್ತಿರುವಂತೆಯೇ ಆಯಿಲ್ ಹಾಕುವ ಮುಚ್ಚಳವನ್ನು ತಿರುಗಿಸಿ ತೆಗೆದು ಅಂಗೈಯನ್ನು ಅದರ ಮೇಲೆ ಹಿಡಿಯುತ್ತಾನೆ. ಗಾಳಿ ರಭಸದಿಂದ ನುಗ್ಗಿ ಅಂಗೈಗೆ ಎಣ್ಣೆಯ ಹನಿ ಸಿಡಿದರೆ ಬ್ಯಾಕ್ ಕಂಪ್ರೆಷನ್ ಎಂದು ತಲೆಯಾಡಿಸುತ್ತಾನೆ. ಅಲ್ಲಿಗೆ ವ್ಯಾಪಾರದ ಅರ್ಧ ಮಾತು ಮುಗಿದಂತೆ. ಅನಂತರ ಬಗ್ಗಿ ಚಾಸಿಸ್ಸಿನ ಬೆಸುಗೆಗಳನ್ನೂ ಲೋಯರ್ ಆರ್ಮಿನ ಬುಷ್ಷುಗಳನ್ನೂ ಟಾರ್ಚು ಹಾಕಿ ನೋಡುವುದು. ಕಡೆಗೆ ತೋಟದ ಹಳ್ಳಕೊಳ್ಳದ ದಾರಿಯಲ್ಲಿ ಒಂದು ಸುತ್ತು. ಓಡಿದ ಕಿಲೋಮೀಟರುಗಳ ಸಂಖ್ಯೆ ಎರಡು ಲಕ್ಷ ದಾಟಿದ್ದರೂ ಯಾರೂ ಹುಬ್ಬೇರಿಸುವುದಿಲ್ಲ. ಬೇರೆ ಸಂಸ್ಥೆಯ ವಾಹನವೊಂದರಲ್ಲಿ ಆ ಸಂಖ್ಯೆಯನ್ನು ಕಂಡಿದ್ದರೆ ಅವರು ಕೀಲಿಯನ್ನೇ ಕೈಗೆತ್ತಿಕೊಳ್ಳುತ್ತಿರಲಿಲ್ಲ.

ಮಾಲೀಕರಿಗೆ ದೂರುಗಳಿಲ್ಲವೆಂದಲ್ಲ. ಇಂಜೆಕ್ಟರುಗಳು ಕೆಟ್ಟರೆ ಬೀಳುವ ವೆಚ್ಚ ಒಂದು ಸಣ್ಣ ತೋಟದ ಫಸಲನ್ನೇ ನುಂಗಬಲ್ಲದು; ಸ್ಕ್ಯಾನರ್ ಇಲ್ಲದ ಮೇಸ್ತ್ರಿ ಅಲ್ಲಿ ನಿರುಪಾಯನು. 2016ರಲ್ಲಿ ಕ್ರಿಸ್ಟಾ ಎಂಬ ಹೊಸ ರೂಪದೊಡನೆ ಬೆಲೆಯೂ ಮಧ್ಯಮ ವರ್ಗದ ಒಕ್ಕಲಿಗನ ಕೈಗೆ ಎಟುಕದಷ್ಟು ಏರಿತು. ಅಷ್ಟು ಹಣ ತೆತ್ತವನಿಗೂ ಹಿಂಚಕ್ರಕ್ಕೆ ಡ್ರಮ್ ಬ್ರೇಕನ್ನೇ ಕೊಟ್ಟದ್ದು ನನಗೂ ಒಪ್ಪಿಗೆಯಾಗದ ಸಂಗತಿ. 2010ರಲ್ಲಿ ಬಂದ ಇಟಿಯೋಸ್ ಸದೃಢವಾದ ಕಾರಾಗಿದ್ದರೂ ಒಳಗಣ ಸಜ್ಜಿನ ಬಡತನದಿಂದ ಮನೆಗಳಿಗಿಂತ ಟ್ಯಾಕ್ಸಿಗಳಿಗೇ ಹೆಚ್ಚು ಸಂದಿತು. ಸುಜುಕಿಯ ಬಲೆನೊ ಕಾರಿಗೆ ಗ್ಲಾಂಜಾ ಎಂಬ ಹೆಸರನ್ನಿಟ್ಟು ತನ್ನ ಮುದ್ರೆಯನ್ನೊತ್ತಿ ಮಾರುವುದಂತೂ ಈ ಮನೆತನಕ್ಕೆ ಶೋಭಿಸತಕ್ಕ ಕೆಲಸವಲ್ಲ; ಕಾರು ಕೆಟ್ಟದ್ದೆಂದಲ್ಲ, ಜನ ಆ ಮುದ್ರೆಯನ್ನು ನಂಬಿದ್ದು ಬೇರೆಯದೇ ಕಾರಣಕ್ಕೆ.

ಇವೆಲ್ಲಕ್ಕಿಂತ ಗಂಭೀರವಾದ ಎರಡು ಸಂದರ್ಭಗಳನ್ನು ಇಲ್ಲಿ ಹೇಳದೆ ಬಿಡಲಾಗದು. ದೋಷ ಕಂಡವನ ಕೈಗೆ ಹಗ್ಗವನ್ನು ಕೊಟ್ಟ ಸಂಸ್ಥೆಯ ಬಿಡದಿಯ ಕಾರ್ಖಾನೆಯಲ್ಲೇ 2020ರ ನವೆಂಬರಿನಲ್ಲಿ ಕಾರ್ಮಿಕರು ಕೆಲಸದ ಹೊರೆ ಅತಿಯಾಯಿತೆಂದು ದೂರಿ ಧರಣಿ ಕುಳಿತರು; ಆಡಳಿತವು ಬಾಗಿಲು ಹಾಕಿತು; ವಿವಾದವು ತಿಂಗಳುಗಟ್ಟಲೆ ಎಳೆಯಿತು. ಎರಡನೆಯದು 2024ರ ಜನವರಿಯದು. ಸಾಕಿಚಿಯ ಮಗ್ಗದ ಕಾರ್ಖಾನೆಯೇ ಬೆಳೆದು ಇಂದು ಟೊಯೋಟಾ ಇಂಡಸ್ಟ್ರೀಸ್ ಎಂಬ ಹೆಸರಿನಲ್ಲಿದ್ದು ಡೀಸೆಲ್ ಎಂಜಿನ್ನುಗಳನ್ನೂ ತಯಾರಿಸುತ್ತದೆ. ಆ ಎಂಜಿನ್ನುಗಳ ಶಕ್ತಿಯನ್ನು ಪ್ರಮಾಣೀಕರಿಸುವ ಪರೀಕ್ಷೆಯಲ್ಲಿ ಅಕ್ರಮಗಳು ನಡೆದವೆಂಬುದು ಹೊರಬಿದ್ದು, ನಮ್ಮಲ್ಲಿಯೂ ಕ್ರಿಸ್ಟಾ, ಫಾರ್ಚೂನರ್, ಹೈಲಕ್ಸ್ ವಾಹನಗಳ ರವಾನೆಯನ್ನು ಕೆಲವು ದಿನಗಳ ಕಾಲ ನಿಲ್ಲಿಸಬೇಕಾಯಿತು. ಎಂಜಿನ್ನಿನ ಬಾಳಿಕೆಗೆ ಇದರಿಂದ ಕುಂದಿಲ್ಲವೆಂಬ ಸಮಾಧಾನ ನನಗೆ ಸಾಲದು. ಎಳೆ ಕಡಿದಾಗ ನಿಲ್ಲುವ ಮಗ್ಗವನ್ನು ನಿರ್ಮಿಸಿದವನ ಮನೆಯಲ್ಲೇ ಎಳೆ ಕಡಿದದ್ದನ್ನು ಬಚ್ಚಿಟ್ಟು ಮಗ್ಗವನ್ನು ಓಡಿಸಿದುದು ನೋವಿನ ವಿಷಯ. ತಪ್ಪು ಬಯಲಾದ ಮೇಲಾದರೂ ಸಾಲು ನಿಂತಿತೆಂಬುದು ಅದರ ಇನ್ನೊಂದು ಮುಖ.

2022ರ ನವೆಂಬರಿನಲ್ಲಿ ಇನ್ನೋವಾದ ಇನ್ನೊಂದು ಹೊಸ ರೂಪವಾದ ಹೈಕ್ರಾಸ್ ಅನಾವರಣಗೊಂಡಿತು. ಲಕ್ಷ್ಮಣರಾಯರ ಮರಿಮಗ ವಿಕ್ರಮ್ ಕಿರ್ಲೋಸ್ಕರ್ ಅವರು ತೀರಿಕೊಂಡದ್ದು ಅದಾದ ಕೆಲವೇ ದಿನಗಳಲ್ಲಿ. ಪೆಟ್ರೋಲಿನೊಡನೆ ವಿದ್ಯುತ್ತನ್ನೂ ಬಳಸಿ ಇಂಧನವನ್ನುಳಿಸುವ ಹೈಕ್ರಾಸ್ ನಗರದಲ್ಲಿ ನಿಶ್ಶಬ್ದವಾಗಿ ಸಾಗುವ ಸೊಗಸಾದ ವಾಹನ. ಆದರೆ ಅದರಲ್ಲಿ ಪ್ರತ್ಯೇಕ ಚಾಸಿಸ್ ಇಲ್ಲ, ಡೀಸೆಲ್ ಇಲ್ಲ, ಎಳೆತ ಮುಂಚಕ್ರಗಳದು. ಮಳೆಗಾಲದಲ್ಲಿ ಕೆಸರಾದ ತೋಟದ ಏರುದಾರಿಯಲ್ಲಿ ಎಂಟು ಜನರನ್ನು ಹೊತ್ತು ಹೋಗಬೇಕಾದವನಿಗೆ ಕ್ರಿಸ್ಟಾವೇ ಇಂದಿಗೂ ಯೋಗ್ಯವಾದದ್ದೆಂಬುದು ನನ್ನ ನಿರ್ಣಯ. ಡೀಸೆಲ್ ಕ್ರಿಸ್ಟಾವನ್ನು 2023ರಲ್ಲಿ ಮತ್ತೆ ಮಾರಾಟಕ್ಕೆ ತಂದುದು ಸಂಸ್ಥೆ ಮಾಡಿದ ವಿವೇಕದ ಕೆಲಸ.

ಈ ವರ್ಷ ಹಳೆಯ ಇನ್ನೋವಾ ಕೊಳ್ಳಬೇಕೆಂದಿರುವ ಓದುಗರಲ್ಲಿ ನನ್ನದೊಂದು ವಿನಂತಿ. ಹೊರಗಿನ ಬಣ್ಣಕ್ಕೂ ಹೊಸ ಸೀಟು ಕವರಿಗೂ ಮರುಳಾಗದೆ ಸರ್ವೀಸು ಮಾಡಿಸಿದ ಚೀಟಿಗಳನ್ನು ಮೊದಲು ಕೇಳಿರಿ, 2.5 ಲೀಟರಿನ ಎಂಜಿನ್ನಾಗಿದ್ದರೆ ಟೈಮಿಂಗ್ ಬೆಲ್ಟನ್ನು ಯಾವಾಗ ಬದಲಿಸಿದರೆಂಬುದಕ್ಕೆ ಬಾಯಿಮಾತನ್ನು ಒಪ್ಪದೆ ಬಿಲ್ಲನ್ನು ನೋಡಿರಿ. ಆ ಬಿಲ್ಲು ಇಲ್ಲದಿದ್ದರೆ ಹೊಸ ಬೆಲ್ಟಿನ ಖರ್ಚನ್ನು ಬೆಲೆಯಲ್ಲಿ ಮುರಿದುಕೊಂಡು, ಗಾಡಿಯನ್ನು ಮನೆಗೆ ತರುವ ಮುನ್ನವೇ ಮೇಸ್ತ್ರಿಯ ಬಳಿಗೆ ಒಯ್ಯಿರಿ.