ಹಿಡಿಯಿಲ್ಲದ ಚಾಕು

ನಮ್ಮ ಅಪ್ಪಯ್ಯನ ಕರಿಕೋಟಿನ ಜೇಬಿನಲ್ಲಿ ಸದಾ ಒಂದು ಮಡಚುವ ಚಾಕು ಇರುತ್ತಿತ್ತು. ಎರಡು ಅಲಗು, ಕಡವೆ ಕೊಂಬಿನ ಹಿಡಿ. ಅಜ್ಜ ಕಾಫಿ ತೋಟದಲ್ಲಿ ರೈಟರಾಗಿದ್ದಾಗ, ತೋಟದ ದೊರೆ ತನ್ನ ದೇಶಕ್ಕೆ ಹೊರಡುವ ಮುನ್ನ ಕೊಟ್ಟದ್ದಂತೆ. ದೊಡ್ಡ ಅಲಗಿನಿಂದ ಅಪ್ಪಯ್ಯ ಮೆಣಸಿನ ಬಳ್ಳಿ ಕತ್ತರಿಸುತ್ತಿದ್ದರು, ಅಡಕೆ ಹೋಳು ಮಾಡುತ್ತಿದ್ದರು, ನಮಗೆ ಮಾವಿನಕಾಯಿ ಹೆಚ್ಚಿ ಉಪ್ಪು ಖಾರ ಸವರಿ ಕೊಡುತ್ತಿದ್ದರು. ಸಣ್ಣ ಅಲಗು ನಮ್ಮ ಪೆನ್ಸಿಲ್ಲಿಗೆ ಮೀಸಲು. ಅಡಕೆಯ ಚೊಗರು, ಮಾವಿನ ಸೊನೆ ತಾಗಿ ತಾಗಿ ಅಲಗು ಕಪ್ಪಾಗಿತ್ತು. ಹಿಡಿಯ ಒಂದು ಬದಿಯಲ್ಲಿ, ಅವರು ಹೆಬ್ಬೆರಳು ಊರುವ ಕಡೆ, ಕೊಂಬಿನ ಗೀರುಗಳೆಲ್ಲ ಸವೆದು ನುಣುಪಾಗಿದ್ದವು. ಕಣ್ಣು ಮುಚ್ಚಿ ಮುಟ್ಟಿದರೂ ಅದು ಅಪ್ಪಯ್ಯನ ಚಾಕು ಎಂದು ನಾವು ಹೇಳುತ್ತಿದ್ದೆವು.

ಆ ಹಿಡಿ ಈಗಿಲ್ಲ. 2023ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದಲ್ಲಿ ಹುಲಿಯುಗುರಿನ ಪದಕದ ಗದ್ದಲವೆದ್ದದ್ದು ಓದುಗರಿಗೆ ನೆನಪಿರಬಹುದು. ಮನೆಮನೆಗಳಲ್ಲಿ ಅಟ್ಟ, ಪೆಟ್ಟಿಗೆಗಳ ತಪಾಸಣೆ ನಡೆಯಿತು. ಊರಿನ ಮನೆಯಲ್ಲಿರುವ ನನ್ನ ತಮ್ಮ ಹೆದರಿ, ಒಂದು ರಾತ್ರಿ ಚಾಕುವಿನ ಹಿಡಿಯನ್ನು ಕಿತ್ತು ಬಚ್ಚಲೊಲೆಗೆ ಹಾಕಿಬಿಟ್ಟ. ಮಾರನೆಯ ದಿನ ಫೋನು ಮಾಡಿ ತಿಳಿಸಿದ. ನಾನು ರೇಗಿದೆ, ಕೆಲವು ತಿಂಗಳು ನಮ್ಮಿಬ್ಬರ ಮಾತು ಅಷ್ಟಕ್ಕಷ್ಟೆ ಆಯಿತು. ನಾನಾಗಿದ್ದರೆ ಅರಣ್ಯ ಕಚೇರಿಗೆ ಒಯ್ದು ಕೇಳುತ್ತಿದ್ದೆ ಎಂದು ಈಗ ಹೇಳುವುದು ಸುಲಭ. ಉಳಿದದ್ದು ಅಲಗುಗಳು, ಬೆನ್ನಿನ ಸ್ಪ್ರಿಂಗು, ಎರಡು ಹಿತ್ತಾಳೆಯ ತಗಡು.

ಮುಂದಿನ ಬೇಸಿಗೆ ರಜೆಯಲ್ಲಿ ಇಂಗ್ಲೆಂಡಿನ ಷೆಫೀಲ್ಡಿಗೆ ಹೋಗುವ ಯೋಗ ಬಂತು. ಓದಲು ಹೋದ ಮಗಳು ಅಲ್ಲಿಯೇ ಕೆಲಸಕ್ಕೆ ನಿಂತಿದ್ದಾಳೆ. ನಮ್ಮ ಚಾಕುವಿನ ತವರೂರೂ ಅದೇ. ಮಗಳ ನೆರೆಮನೆಯ ಹಿರಿಯರೊಬ್ಬರು ಕೊಂಬಿನ ಹಿಡಿಯ ಚಾಕುಗಳನ್ನು ಸಂಗ್ರಹಿಸುತ್ತಾರೆಂದು ತಿಳಿದು, ಒಂದು ಸಂಜೆ ನೋಡಲು ಹೋದೆವು.

ಸುಮಾರು 60 ಚಾಕುಗಳು. ಹಸಿರು ಬಟ್ಟೆ ಹಾಸಿದ ತೆಳು ಖಾನೆಗಳಲ್ಲಿ ಮಲಗಿಸಿದ್ದಾರೆ. ಬೆರಳಿನ ಬೆವರು ತಾಗಿದರೆ ಉಕ್ಕು ತುಕ್ಕು ಹಿಡಿಯುತ್ತದೆಂದು ಬಟ್ಟೆಯಲ್ಲಿ ಹಿಡಿದೇ ತೋರಿಸಿದರು. ಅವರ ತಿಳಿವಳಿಕೆಗೆ ನಾನು ತಲೆಬಾಗಿದೆ. ಅಲಗು ಮಡಚಿಕೊಳ್ಳುವಾಗಿನ 'ಟಕ್' ಸದ್ದು ಕೇಳಿಯೇ ಸ್ಪ್ರಿಂಗಿನ ಗುಣ ಹೇಳಬಲ್ಲರು. ಕೊಂಬಿನ ಹೊರಪದರ ಮಾತ್ರ ಗಟ್ಟಿ, ಒಳಗಿನದು ಸ್ಪಂಜಿನಂತೆ; ಆದ್ದರಿಂದ ಹೊರಮೈಯನ್ನು ಗೀರುಗಳ ಸಮೇತ ಗರಗಸದಿಂದ ಸೀಳಿ, ಎರಡು ಬದಿಗೂ ಒಪ್ಪುವ ಜೋಡಿ ಹುಡುಕಬೇಕು ಎಂದು ವಿವರಿಸಿದರು. ಎಮ್ಮೆಯ ಕೊಂಬಿಗೂ ಕಡವೆಯ ಕೊಂಬಿಗೂ ನಾವು ಒಂದೇ ಪದ ಬಳಸುತ್ತೇವೆ. ಆದರೆ ಎಮ್ಮೆಯದು ನಮ್ಮ ಉಗುರಿನ ಜಾತಿ, ಜೀವಮಾನವಿಡೀ ಇರುತ್ತದೆ. ಕಡವೆಯದು ಅಪ್ಪಟ ಎಲುಬು; ಗಂಡಿಗೆ ಮಾತ್ರ ಬೆಳೆಯುತ್ತದೆ, ಉದುರಿ ಮತ್ತೆ ಮೂಡುತ್ತದೆ.

ಪ್ರತಿ ಚಾಕುವಿನ ಪಕ್ಕದಲ್ಲೂ ಒಂದು ಚೀಟಿ: ತಯಾರಕ, ಮಾದರಿ, ಹಿಡಿ, ಸ್ಥಿತಿ. ಬೆಲೆ ಹೆಚ್ಚಿನವುಗಳ ಚೀಟಿಯಲ್ಲಿ, ಒಮ್ಮೆಯೂ ಬಳಸಿಲ್ಲ, ಒಮ್ಮೆಯೂ ಸಾಣೆ ಹಿಡಿದಿಲ್ಲ ಎಂದಿತ್ತು. 'ಹಿಡಿ' ಎಂಬಲ್ಲಿ ಕೆಲವಕ್ಕೆ 'ಇಂಡಿಯನ್ ಸಾಂಬಾರ್' ಎಂದು ಬರೆದಿತ್ತು. ಕನ್ನಡದವಳಾದ ನನಗೆ ನಗು ಬಂತು. ಆಮೇಲೆ ನಗು ನಿಂತಿತು. ಕಡವೆಗೆ ಇಂಗ್ಲಿಷಿನವರು ಹೇಳುವುದೇ ಸಾಂಬಾರ್. ನಮ್ಮ ಕಾಡುಗಳಲ್ಲಿ ಉದುರಿದ ಕೊಂಬು ದಶಕಗಳ ಕಾಲ ಹಡಗೇರಿ ಈ ಊರಿಗೆ ಬಂದಿದೆ. 1972ರ ವನ್ಯಜೀವಿ ಕಾಯಿದೆಯ ನಂತರ ನಿರ್ಬಂಧಗಳು ಬಿಗಿಯಾಗುತ್ತ ಹೋಗಿ ಕಡೆಗೆ ರಫ್ತು ನಿಂತಿತು. ಇಂದು ತಾನಾಗಿ ಉದುರಿದ ಕೊಂಬನ್ನೂ ಕಾಡಿನಿಂದ ಎತ್ತಿ ತರುವಂತಿಲ್ಲ. ಅದು ಸರಿಯೇ, ಉದುರಿದ್ದಕ್ಕೆ ಬೆಲೆ ಬಂದರೆ ಉದುರದಿದ್ದಕ್ಕೂ ಗುಂಡು ಬೀಳುತ್ತದೆ. ಬಿದ್ದ ಕೊಂಬನ್ನು ಕಡಿದು ತಿನ್ನಲು ಕಾಡಿನಲ್ಲಿ ಮುಳ್ಳುಹಂದಿಗಳಿವೆ. ಆದರೆ ಸಂಗ್ರಾಹಕರ ಲೋಕದಲ್ಲಿ ಆ ನಿಷೇಧಕ್ಕೆ ಅರ್ಥ ಒಂದೇ: ಹಳೆಯ ದಾಸ್ತಾನಿಗೆ ಬೆಲೆ ಏರಿತು.

ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ನನಗೆ ಆ ಚೀಟಿಗಳು ಜಾಣ ಹುಡುಗನ ಅರ್ಧ ಉತ್ತರದಂತೆ ಕಂಡವು. 'ಏನು' ಎಂಬುದಕ್ಕೆ ಪೂರ್ತಿ ಅಂಕ ಕೊಡಬಹುದು. 'ಎಲ್ಲಿಂದ', 'ಯಾರಿಂದ', 'ಯಾತಕ್ಕೆ' ಎಂಬ ಪ್ರಶ್ನೆಗಳನ್ನು ಮುಟ್ಟಿಯೇ ಇಲ್ಲ. ಉಕ್ಕಿನ ಮೇಲೆ ಒತ್ತಿದ ಕಂಪನಿಯ ಮುದ್ರೆಯನ್ನು ಭೂತಗನ್ನಡಿ ಹಿಡಿದು ಓದುವವರು, ಆ ಅಲಗನ್ನು ಸಾಣೆ ಹಿಡಿದವನ ಬಗ್ಗೆ ಒಂದು ಸಾಲು ಬರೆಯುವುದಿಲ್ಲ. 1845ರಲ್ಲಿ ಪ್ರಕಟವಾದ ಎಂಗೆಲ್ಸನ ಪುಸ್ತಕದಲ್ಲಿ ಈ ಊರಿನ ಸಾಣೆಗಾರರ ಪ್ರಸ್ತಾಪವಿದೆ. ಕಲ್ಲಿನ ಧೂಳು, ಉಕ್ಕಿನ ಪುಡಿ ಶ್ವಾಸಕೋಶ ಹೊಕ್ಕು, ಒಣಸಾಣೆಯವರ ಸರಾಸರಿ ಆಯುಸ್ಸು 35 ಮುಟ್ಟುವುದು ಕಷ್ಟವಾಗಿತ್ತು; ನೀರುಸಾಣೆಯವರದು 45 ದಾಟುವುದು ಅಪರೂಪ. ಎಂದೂ ಬಳಸದ, ಕನ್ನಡಿಯಂತಹ ಅಲಗನ್ನು ಮೆಚ್ಚುವಾಗ ನಾವು ಮೆಚ್ಚುತ್ತಿರುವುದು ಯಾರ ಉಸಿರನ್ನು?

ಸಂಗ್ರಹವೇ ತಪ್ಪೆಂದು ನಾನು ಹೇಳುತ್ತಿಲ್ಲ. ಅದೇ ಊರಿನ ಕೆಲ್ಹಾಂ ಐಲೆಂಡ್ ವಸ್ತುಸಂಗ್ರಹಾಲಯದಲ್ಲಿ ಕೆನ್ ಹಾಲಿ (1927–2014) ಎಂಬುವರ ಸಂಗ್ರಹವಿದೆ. ಹತಾರುಗಳ ಅಂಗಡಿ ಇಟ್ಟಿದ್ದ ಮನುಷ್ಯ. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದಾಗ ಆತ ಸಿದ್ಧ ವಸ್ತುಗಳನ್ನಷ್ಟೇ ಅಲ್ಲ, ಅರೆಬರೆ ಕೆಲಸವಾದ ತುಂಡುಗಳು, ಮಾಡುವವರ ಹತಾರುಗಳು, ಕಂಪನಿಗಳ ಬೆಲೆಪಟ್ಟಿಗಳನ್ನೂ ಕೂಡಿಹಾಕಿದರು. ಕಸುಬುದಾರರ ಮಾತನ್ನೂ ದಾಖಲಿಸಿಟ್ಟರು. ಒಂದು ವಸ್ತು ಹೇಗಾಯಿತು ಎಂಬುದು ಅಲ್ಲಿ ಹಂತಹಂತವಾಗಿ ಕಾಣುತ್ತದೆ. ಇದು ಪೂರ್ಣ ಉತ್ತರ.

ಇನ್ನೊಂದು ಮಾತನ್ನೂ ನ್ಯಾಯವಾಗಿ ಹೇಳಬೇಕು. ಸ್ಟಾನ್ ಷಾ (1926–2021) ಎಂಬ ಕುಶಲಕರ್ಮಿ ಹುಡುಗನಾಗಿದ್ದಾಗಲೇ ಕೆಲಸಕ್ಕೆ ಸೇರಿ, ಇಳಿವಯಸ್ಸಿನವರೆಗೂ ಮಡಚುವ ಚಾಕುಗಳನ್ನು ಕೈಯಲ್ಲೇ ಮಾಡಿದರು. ದೊಡ್ಡ ಕಂಪನಿಗಳು ಮುಚ್ಚಿದ ಮೇಲೂ ಅವರಿಗೆ ಕೆಲಸ ಕೊಟ್ಟವರು ಸಂಗ್ರಾಹಕರೇ. ಅವರ ಚಾಕುವಿಗಾಗಿ ವರ್ಷಗಟ್ಟಲೆ ಕಾಯುತ್ತಿದ್ದರಂತೆ. ಸಂಗ್ರಾಹಕರಿಲ್ಲದಿದ್ದರೆ ಆ ಕಸುಬು ಇನ್ನೂ ಬೇಗ ನಂದಿಹೋಗುತ್ತಿತ್ತು. ಬರಿಯ ಪ್ರದರ್ಶನಕ್ಕೆಂದೇ ಮಾಡಿದ ಚಾಕುಗಳೂ ಉಂಟು. 1851ರ ಲಂಡನ್ ಮಹಾಪ್ರದರ್ಶನಕ್ಕೆ ಜೋಸೆಫ್ ರಾಜರ್ಸ್ ಕಂಪನಿ ಮಾಡಿದ 75 ಅಲಗುಗಳ ನಾರ್ಫೋಕ್ ಚಾಕು ಅಂಥದು. ಅದರಿಂದ ಯಾರೂ ಮಾವಿನಕಾಯಿ ಹೆಚ್ಚಲಿಲ್ಲವೆಂದು ದೂರುವುದು ಮೂರ್ಖತನ. ಆದರೆ ರೈತನ, ಕುರಿಗಾಹಿಯ, ರೈಟರ ಜೇಬಿಗೆಂದು ಮಾಡಿದ ಚಾಕು ಎಂದೂ ಜೇಬು ಸೇರಲಿಲ್ಲವೆಂಬುದೇ ಅದರ ಹೆಗ್ಗಳಿಕೆಯಾದರೆ, ಎಲ್ಲೋ ಅಳತೆಗೋಲು ತಪ್ಪಿದೆ ಎಂದೇ ನನ್ನ ಅಭಿಪ್ರಾಯ.

ಹೊರಡುವ ಮುನ್ನ ನೆರೆಮನೆಯ ಹಿರಿಯರಿಗೆ ಮೊಬೈಲಿನಲ್ಲಿ ನಮ್ಮ ಚಾಕುವಿನ ಫೋಟೋ ತೋರಿಸಿದೆ. ಅವರು ಚಿತ್ರವನ್ನು ದೊಡ್ಡದು ಮಾಡಿ, ಅಲಗಿನ ಬುಡದಲ್ಲಿದ್ದ ನಕ್ಷತ್ರ ಮತ್ತು ಶಿಲುಬೆಯ ಗುರುತು ನೋಡಿ, "ರಾಜರ್ಸ್!" ಎಂದು ಹಿಗ್ಗಿದರು. ಮರುಗಳಿಗೆಗೆ ಮುಖ ಬಾಡಿತು. ಹಿಡಿ ಹೋಗಿದೆ, ಅಲಗು ಸವೆದಿದೆ. ಸಂಗ್ರಹಕ್ಕೆ ಬಾರದು ಎಂದರು. ಹಿಡಿ ಏನಾಯಿತೆಂದು ಮಗಳ ಮೂಲಕ ಕೇಳಿದರು. ಸುಟ್ಟ ಸಂಗತಿ ತಿಳಿದು ಬಹಳ ಹೊತ್ತು ಸುಮ್ಮನಿದ್ದರು. ಅವರಿಗೆ ಮರುಕವಿದ್ದದ್ದು ಕೊಂಬಿನ ಬಗ್ಗೆ. ಅಪ್ಪಯ್ಯನ ಹೆಬ್ಬೆರಳಿನ ಗುರುತಿನ ಮಾತನ್ನು ಅವರಿಗೆ ಹೇಳಲು ನನಗೆ ಮನಸ್ಸಾಗಲಿಲ್ಲ. ಹಿಡಿ ಇದ್ದಿದ್ದರೂ ಅವರ ಚೀಟಿಯಲ್ಲಿ ಅದು 'ಸವಕಲು' ಎಂಬ ದೋಷವಾಗುತ್ತಿತ್ತು.

ಊರಿಗೆ ಬಂದ ಮೇಲೆ ತಮ್ಮನ ಮನೆಗೆ ಹೋದೆ. ಚಾಕುವನ್ನು ಒರೆಸಿ, ಎಣ್ಣೆ ಹಚ್ಚಿ, ಒಂದು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ನಾನೂ ಒಂದು ಚೀಟಿ ಬರೆದೆ. ಷೆಫೀಲ್ಡಿನಲ್ಲಿ ಮಾಡಿದ್ದು. ಸಾಣೆ ಹಿಡಿದವನ ಹೆಸರು ಗೊತ್ತಿಲ್ಲ. ಹಿಡಿ ಕಡವೆಯ ಕೊಂಬಿನದಾಗಿತ್ತು. ತೋಟದ ದೊರೆಯಿಂದ ಅಜ್ಜನಿಗೆ, ಅಜ್ಜನಿಂದ ಅಪ್ಪಯ್ಯನಿಗೆ ಬಂತು. ಮೆಣಸಿನ ಬಳ್ಳಿ, ಅಡಕೆ, ಮಾವಿನಕಾಯಿ, ಪೆನ್ಸಿಲ್ಲು ಕತ್ತರಿಸಿದೆ. 2023ರಲ್ಲಿ ಹೆದರಿ ಹಿಡಿಯನ್ನು ಸುಟ್ಟೆವು.

ತಮ್ಮ ಕನ್ನಡಕ ಹಾಕಿಕೊಂಡು ಓದಿದ. "ಸುಟ್ಟದ್ದನ್ನೂ ಬರೆದೆಯಲ್ಲೇ ಅಕ್ಕ" ಎಂದ.

"ಅದೂ ನಡೆದದ್ದೇ ಅಲ್ಲವೇನೋ" ಎಂದೆ.

ಅವನು 'ಸುಟ್ಟೆವು' ಎಂಬಲ್ಲಿ ಬೆರಳಿಟ್ಟು, "ಸುಟ್ಟವ ನಾನೊಬ್ಬನೇ" ಎಂದ. ನಾನು ತಿದ್ದಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನೇ ಚಾಕು ತೆಗೆದು, ಹಿತ್ತಾಳೆಯ ತಗಡಿಗೆ ಬಟ್ಟೆಯ ಚೂರು ಸುತ್ತಿ ಹಿಡಿದು, ಗಿಡದಿಂದ ಆಗಷ್ಟೇ ಕೊಯ್ದ ನಿಂಬೆಹಣ್ಣನ್ನು ಎರಡು ಹೋಳು ಮಾಡಿ ಪಾನಕಕ್ಕೆ ಹಿಂಡಿದ. ಅಲಗು ಇನ್ನೂ ಹರಿತವಾಗಿಯೇ ಇದೆ.