ಮೆಚ್ಚಿದ ಕೃತಿಯ ಮರುಓದು: ವಿಜಯವಾಡ, ವಿಶಾಖಪಟ್ಟಣಗಳ ನೆಲೆಯಿಂದ ಕೆಲವು ವಿಚಾರಗಳು

1

ಒಮ್ಮೆ ಓದಿ ಮುಗಿಸಿದ ಕೃತಿಯನ್ನು ನಾವು ಎರಡು ಕಾರಣಗಳಿಗಾಗಿ ಮತ್ತೆ ತೆರೆಯುತ್ತೇವೆ. ಒಂದು ಅಗತ್ಯ, ಇನ್ನೊಂದು ಸುಖ. ಸಂಶೋಧನೆಯಲ್ಲಿ ತೊಡಗಿರುವವರಿಗೆ ಮೊದಲನೆಯದು ನಿತ್ಯದ ಕೆಲಸ. ಪದ್ಯದ ಸಂಖ್ಯೆಯನ್ನು ಖಚಿತಪಡಿಸಿಕೊಳ್ಳಲು, ಪಾಠಾಂತರವನ್ನು ಹೋಲಿಸಲು, ಒಂದು ಪದದ ಪ್ರಯೋಗವನ್ನು ಹುಡುಕಲು ಹಳೆಯ ಕಾವ್ಯಗಳನ್ನು ಪದೇ ಪದೇ ತಿರುವಿಹಾಕುತ್ತೇವೆ. ಎರಡನೆಯದಕ್ಕೆ ನಮ್ಮ ಅಧ್ಯಯನ ವಿಧಾನದಲ್ಲಿ ಸ್ಥಾನವಿಲ್ಲ. ಅದು ವಿರಾಮ ಕಾಲದ ವಿಲಾಸವೆಂದು, ಪ್ರಬಂಧ ಮಂಡನೆಯಾದ ಮೇಲೆ ನೋಡಿಕೊಳ್ಳಬಹುದಾದ ಸಂಗತಿಯೆಂದು ಭಾವಿಸಿದ್ದೇವೆ. ಮರುಓದಿನ ಸುಖವು ವಿಮರ್ಶೆಯ ಹೊರಗಿನ ವಸ್ತುವಲ್ಲ, ಅದು ವಿಮರ್ಶೆಯ ಒಂದು ಸಾಧನವೇ ಆಗಿದೆ ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

ಕರ್ನಾಟಕದ ಹೊರಗಿದ್ದು ಕನ್ನಡವನ್ನು ಅಭ್ಯಸಿಸುವವರಿಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. ಹೊರನಾಡಿನ ಗ್ರಂಥಾಲಯಗಳಲ್ಲಿ ಕನ್ನಡದ ಕಪಾಟುಗಳು ಸಾಮಾನ್ಯವಾಗಿ ಕಿರಿದು. ಹೊಸ ಪ್ರಕಟಣೆಗಳು ತಡವಾಗಿ ಬರುತ್ತವೆ ಅಥವಾ ಬರುವುದೇ ಇಲ್ಲ. ಇದ್ದ ಕೆಲವೇ ಹೊತ್ತಗೆಗಳ ಬಳಿಗೆ ಮರಳಿ ಮರಳಿ ಹೋಗಬೇಕಾಗುತ್ತದೆ. ಇದನ್ನು ಕೊರತೆಯೆಂದು ಮಾತ್ರ ಎಣಿಸಬೇಕೆ?

ನಮ್ಮ ಕಾವ್ಯಮೀಮಾಂಸೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಅಭಿನವಗುಪ್ತನು 'ಲೋಚನ'ದಲ್ಲಿ ಸಹೃದಯನ ಲಕ್ಷಣವನ್ನು ಹೇಳುವಾಗ ಕಾವ್ಯದ ಅನುಶೀಲನ ಮತ್ತು ಅಭ್ಯಾಸಗಳಿಂದ ಮನಸ್ಸಿನ ಕನ್ನಡಿ ತಿಳಿಯಾಗುವುದನ್ನು ಮುಖ್ಯವಾಗಿ ಗಣಿಸುತ್ತಾನೆ. ಅಭ್ಯಾಸವೆಂದರೆ ಆವೃತ್ತಿ, ಮಾಡಿದ್ದನ್ನೇ ಮತ್ತೆ ಮಾಡುವುದು. ಹಾಗಿದ್ದರೆ ಸಹೃದಯತೆ ಮೊದಲ ಓದಿನಲ್ಲೇ ಸಿದ್ಧಿಸುವ ಗುಣವಲ್ಲ. ಮರುಓದು ಅದನ್ನು ರೂಪಿಸುತ್ತದೆ. ನಮ್ಮ ಗಮಕ ಪರಂಪರೆಯೂ ಈ ತಿಳಿವಳಿಕೆಯ ಮೇಲೆಯೇ ನಿಂತಿದೆ. ಗದುಗಿನ ಭಾರತವನ್ನು ಕೇಳಲು ಕುಳಿತವರಿಗೆ ಕಥೆ ಗೊತ್ತಿಲ್ಲದೆ ಇರಲಿಲ್ಲ. ಗೊತ್ತಿದ್ದುದರಿಂದಲೇ ಅವರು ಕುಳಿತರು.

2

ವಿಜಯವಾಡದ ಪರಿಸರದಲ್ಲಿ ಪಂಪನ 'ವಿಕ್ರಮಾರ್ಜುನ ವಿಜಯ'ವನ್ನು ಮತ್ತೆ ಓದುವುದಕ್ಕೆ ಒಂದು ವಿಶೇಷ ಅರ್ಥವಿದೆ. ಪಂಪನ ಪೂರ್ವಿಕರ ನೆಲೆ ವೆಂಗಿಮಂಡಲ. ಪೂರ್ವ ಚಾಲುಕ್ಯರ ರಾಜಧಾನಿಯಾಗಿದ್ದ ವೆಂಗಿಯು ಇಂದಿನ ಏಲೂರಿನ ಬಳಿಯ ಪೆದವೇಗಿ. ವಿಜಯವಾಡದಿಂದ ವಿಶಾಖಪಟ್ಟಣದ ಕಡೆಗೆ ಹೋಗುವ ರೈಲುಮಾರ್ಗಕ್ಕೆ ದೂರವಲ್ಲ. ವಿಜಯವಾಡದ ಇಂದ್ರಕೀಲಾದ್ರಿಯನ್ನು ಅಲ್ಲಿನ ಸ್ಥಳಪುರಾಣವು ಅರ್ಜುನನು ತಪಸ್ಸು ಮಾಡಿ ಪಾಶುಪತವನ್ನು ಪಡೆದ ಬೆಟ್ಟವೆಂದು ಹೇಳುತ್ತದೆ. ಪಂಪನ ಕಾವ್ಯದಲ್ಲಿಯೂ ಇಂದ್ರಕೀಲದ ಪ್ರಸಂಗವಿದೆ. ಅದೇ ಊರಿನ ಯುದ್ಧಮಲ್ಲನ ಶಾಸನವು ಮಧ್ಯಾಕ್ಕರದಲ್ಲಿ ರಚಿತವಾದುದು. ಪಂಪನೂ ಅಕ್ಕರ ಜಾತಿಯ ಪದ್ಯಗಳನ್ನು ಬಳಸಿದ ಕವಿ. ಆ ಕಾಲದ ಕನ್ನಡ ಮತ್ತು ತೆಲುಗುಗಳು ಛಂದಸ್ಸಿನ ನೆಲೆಯಲ್ಲಿ ಎಷ್ಟು ಹತ್ತಿರವಿದ್ದವು ಎಂಬುದು ಇಲ್ಲಿ ಕಿವಿಗೇ ತಿಳಿಯುತ್ತದೆ.

ಪಂಪಭಾರತವನ್ನು ಕನ್ನಡದ ವಿದ್ವತ್ತು ಮತ್ತೆ ಮತ್ತೆ ಓದಿದೆ. ಬಿ.ಎಲ್. ರೈಸ್ ಅವರ ಆವೃತ್ತಿ 1898ರಲ್ಲಿ, ಕನ್ನಡ ಸಾಹಿತ್ಯ ಪರಿಷತ್ತಿನ ಆವೃತ್ತಿ 1931ರಲ್ಲಿ ಹೊರಬಂದವು. ಮುಳಿಯ ತಿಮ್ಮಪ್ಪಯ್ಯನವರ 'ನಾಡೋಜ ಪಂಪ' 1938ರದು, ಡಿ.ಎಲ್. ನರಸಿಂಹಾಚಾರ್ಯರ 'ಪಂಪಭಾರತ ದೀಪಿಕೆ' 1971ರದು. ಕುರಿಕ್ಯಾಲದ ಶಾಸನ ವಿದ್ವಾಂಸರ ಗಮನಕ್ಕೆ ಬಂದ ಮೇಲೆ ಕವಿಯ ವೃತ್ತಾಂತವೇ ವಿಸ್ತರಿಸಿತು. ಇಂದಿನ ತೆಲಂಗಾಣದ ಕರೀಂನಗರ ಜಿಲ್ಲೆಯಲ್ಲಿರುವ, ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳ ಆ ಶಾಸನವು ಪಂಪನ ತಮ್ಮ ಜಿನವಲ್ಲಭನದು. ತಾಯಿ ಅಬ್ಬಣಬ್ಬೆಯ ಹೆಸರೂ ಅಲ್ಲಿಂದಲೇ ದೊರೆಯಿತು. ಅಕ್ಷರಗಳು ಅವೇ ಇದ್ದರೂ ಅವುಗಳನ್ನು ಬರೆದ ವ್ಯಕ್ತಿ ನಮಗೆ ಬೇರೆಯಾಗಿ ಕಾಣತೊಡಗಿದ. ತಮ್ಮನು ತೆಲುಗಿನಲ್ಲಿಯೂ ಕಂದಗಳನ್ನು ಕೆತ್ತಿಸಿದ ಮನೆತನದ ಕವಿಯೊಬ್ಬನು ಬನವಾಸಿಯನ್ನು ನೆನೆದು ಹಾಡಿದ್ದಾನೆ ಎಂಬ ಅರಿವಿನೊಡನೆ ಆ ಪ್ರಸಿದ್ಧ ಪದ್ಯಗಳನ್ನು ಓದಿದಾಗ ಅವು ತವರಿನ ಹೊಗಳಿಕೆಯಾಗಿ ಮಾತ್ರ ಉಳಿಯುವುದಿಲ್ಲ. ಮನೆತನದ ನೆಲ ಒಂದು, ಆಶ್ರಯದ ನೆಲ ಇನ್ನೊಂದು, ಮನಸ್ಸು ನೆಟ್ಟ ನೆಲ ಮತ್ತೊಂದು ಎಂಬ ಸ್ಥಿತಿ ಹೊರನಾಡಿನ ಓದುಗನಿಗೆ ಅಪರಿಚಿತವಲ್ಲ.

ಆದರೆ ಮರುಓದಿನ ನಿಜವಾದ ಫಲ ಕಾವ್ಯದ ಒಳಗೆ ಸಿಗುವಂಥದು. ಮೊದಲ ಓದಿಗೆ ಇದು ಅರ್ಜುನನ ಕಾವ್ಯ. ವೇಮುಲವಾಡದ ಇಮ್ಮಡಿ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದವಾಗಿ ವರ್ಣಿಸುವುದು ಕವಿಯ ಸಂಕಲ್ಪ. ಎರಡನೆಯ ಓದಿನಲ್ಲಿ ಆ ಸಂಕಲ್ಪದ ಬೆಲೆ ಗೋಚರಿಸುತ್ತದೆ. ದ್ರೌಪದಿ ಅರ್ಜುನನೊಬ್ಬನ ಮಡದಿಯಾಗುತ್ತಾಳೆ. ಆದರೂ ಕೊನೆಯ ಪಟ್ಟಾಭಿಷೇಕದಲ್ಲಿ ಅರ್ಜುನನ ಪಕ್ಕದಲ್ಲಿ ಕುಳಿತವಳು ಸುಭದ್ರೆ. ಸಭೆಯಲ್ಲಿ ಅವಮಾನಕ್ಕೊಳಗಾದವಳಿಗೆ ಆ ಸಿಂಹಾಸನದಲ್ಲಿ ಸ್ಥಳವಿಲ್ಲದಿರುವುದು, ಕಥೆಯ ಓಟದಲ್ಲಿ ಸಾಗುವವನಿಗೆ ಅಷ್ಟಾಗಿ ಹೊಳೆಯದು. ಕೊನೆಯನ್ನು ಬಲ್ಲವನು ಸಭಾಪರ್ವದ ಭಾಗವನ್ನು ಓದುವಾಗ ಅದು ಚುಚ್ಚುತ್ತದೆ.

ಕರ್ಣನ ವಿಷಯವೂ ಹೀಗೆಯೇ. ಸೇನಾಧಿಪತ್ಯದ ಸಂದರ್ಭದಲ್ಲಿ ಅವನು ಭೀಷ್ಮನ ಮುಪ್ಪನ್ನು ಹೀಯಾಳಿಸುತ್ತಾನೆ. ಮೊದಲ ಸಲ ಓದಿದಾಗ ಅದು ದುಡುಕು, ಸೊಕ್ಕು. ಶರಶಯ್ಯೆಯಲ್ಲಿ ಮಲಗಿದ ಭೀಷ್ಮನ ಕಾಲಿಗೆರಗುವ ಕರ್ಣನನ್ನು ಕಂಡು ಮರಳಿದವನಿಗೆ ಅದೇ ಬಿರುನುಡಿಯಲ್ಲಿ ಮುಂದಿನ ಪಶ್ಚಾತ್ತಾಪವೂ ಕೇಳಿಸುತ್ತದೆ. ಒಡೆಯನ ಕೀರ್ತಿಗಾಗಿ ಬರೆಯಲು ಹೊರಟ ಕವಿಯ ಅಂತಃಕರಣ ಎತ್ತ ಹರಿಯಿತು ಎಂಬುದನ್ನು ನಾವು ಮರುಓದಿನಲ್ಲಿಯೇ ಅರಿಯುತ್ತೇವೆ. ಕುತೂಹಲ ತೀರಿದ ಮೇಲೆ ಉಳಿಯುವ ಗಮನವೇ ಮರುಓದಿನ ಸುಖದ ತಿರುಳು.

3

ವಿಶಾಖಪಟ್ಟಣದ ಸೀಮೆಯಲ್ಲಿ ಇಂಥ ಪ್ರೀತಿಗೆ ಪಾತ್ರವಾದ ಕೃತಿ ಗುರಜಾಡ ಅಪ್ಪಾರಾವ್ (1862–1915) ಅವರ 'ಕನ್ಯಾಶುಲ್ಕಂ'. ನಾಟಕ 1892ರಲ್ಲಿ ಮೊದಲು ರಂಗಕ್ಕೆ ಬಂದಿತು, 1897ರಲ್ಲಿ ಅಚ್ಚಾಯಿತು. ಆಗಿನ ವಿಶಾಖಪಟ್ಟಣ ಜಿಲ್ಲೆಯಲ್ಲಿ ಮೂರು ವರ್ಷಗಳೊಳಗೆ ಹಣ ಪಡೆದು ಮಾಡಿದ 1034 ಬ್ರಾಹ್ಮಣ ವಿವಾಹಗಳ ಲೆಕ್ಕವನ್ನು ಮುನ್ನುಡಿಯಲ್ಲಿ ಕೊಟ್ಟ ಕೃತಿ ಇದು. ಸಮಾಜ ಸುಧಾರಣೆಯ ಉದ್ದೇಶ ಪ್ರಕಟವಾಗಿಯೇ ಇತ್ತು. ಆದರೆ 1909ರಲ್ಲಿ ಗುರಜಾಡರು ಅದನ್ನು ಬಹುಮಟ್ಟಿಗೆ ಹೊಸದಾಗಿ ಬರೆದು ಪ್ರಕಟಿಸಿದರು. ಗಾತ್ರ ಹೆಚ್ಚಿತು, ಮಧುರವಾಣಿಯ ಪಾತ್ರ ಬೆಳೆಯಿತು. ಎಂದರೆ ಈ ನಾಟಕದ ಮೊದಲ ಮರುಓದುಗ ಸ್ವತಃ ಅದರ ಕರ್ತೃವೇ. ಹನ್ನೆರಡು ವರ್ಷಗಳ ಅನಂತರ ತನ್ನ ಕೃತಿಯ ಬಳಿಗೆ ಮರಳಿದ ಲೇಖಕನು ಅದರಲ್ಲಿ ಸುಧಾರಣೆಯ ವಾದಕ್ಕಿಂತ ದೊಡ್ಡದಾದುದನ್ನು ಕಂಡನೆಂದು 1909ರ ಪಠ್ಯವೇ ಸಾಕ್ಷಿ ನುಡಿಯುತ್ತದೆ.

ಕನ್ಯಾಶುಲ್ಕದ ಓದುಗರು ಅದರ ಸಂಭಾಷಣೆಗಳನ್ನು ಬಾಯಿಪಾಠವಾಗಿ ಬಲ್ಲರು. ಗಿರೀಶಂ ಎಂಬ ಹೆಸರು ಬಾಯಿಬಡುಕ ಠಕ್ಕನಿಗೆ ಪರ್ಯಾಯವಾಗಿದೆ. 1955ರಲ್ಲಿ ಪಿ. ಪುಲ್ಲಯ್ಯನವರ ನಿರ್ದೇಶನದ ಚಲನಚಿತ್ರವೂ ಬಂದಿತು. ಇಷ್ಟೊಂದು ಪರಿಚಿತವಾದ ಕೃತಿಯಲ್ಲಿ ಮತ್ತೆ ಓದಲು ಏನಿದೆ? ಮೊದಲ ಓದು ಗಿರೀಶಂನ ಮಾತಿನ ಮೋಡಿಗೆ ಸಲ್ಲುತ್ತದೆ. ಎರಡನೆಯದರಲ್ಲಿ ಮಧುರವಾಣಿಯ ಬುದ್ಧಿ ಮುಂದೆ ಬರುತ್ತದೆ. ಇನ್ನೂ ಒಮ್ಮೆ ಓದಿದಾಗ ನಮ್ಮ ದೃಷ್ಟಿ ಸುಬ್ಬಿಯ ಮೇಲೆ ನಿಲ್ಲುತ್ತದೆ. ಮುದುಕ ಲುಬ್ಧಾವಧಾನಿಗೆ ಮಾರಾಟವಾಗಬೇಕಾದ ಹುಡುಗಿ ಇವಳು. ನಾಟಕದ ಸಂಚೆಲ್ಲ ಹೆಣೆದುಕೊಳ್ಳುವುದು ಇವಳ ಸುತ್ತ. ಆದರೆ ಇವಳ ಬದಲಿಗೆ ಮದುವಣಗಿತ್ತಿಯ ವೇಷ ಹಾಕಿದ ಕರಟಕ ಶಾಸ್ತ್ರಿಯ ಶಿಷ್ಯನಿಗೆ ರಂಗದ ಮೇಲೆ ದೊರೆಯುವ ಅವಕಾಶ ಇವಳಿಗೆ ದೊರೆಯುವುದಿಲ್ಲ. ಮಾರಾಟದ ವಸ್ತುವಾದವಳಿಗೆ ಮಾತಿಲ್ಲ. ಅವಳ ವೇಷ ತೊಟ್ಟ ಗಂಡುಹುಡುಗನಿಗೆ ಮಾತಿದೆ. ನಕ್ಕು ಮುಗಿಸಿದ ಮೇಲಲ್ಲದೆ ಈ ಮೌನ ಕೇಳಿಸದು. ಮುನ್ನುಡಿಯ 1034 ಎಂಬ ಸಂಖ್ಯೆ ಆಗ ಮತ್ತೊಮ್ಮೆ ನೆನಪಾಗುತ್ತದೆ, ಈ ಸಲ ಅಂಕಿಅಂಶವಾಗಿ ಅಲ್ಲ.

ವೆಲ್ಚೇರು ನಾರಾಯಣರಾವ್ ಅವರು 2007ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದದ ಹಿನ್ನುಡಿಯಲ್ಲಿ ಈ ನಾಟಕವನ್ನು ಕೇವಲ ಸುಧಾರಣೆಯ ಕೃತಿಯಾಗಿ ಓದುವ ರೂಢಿಯನ್ನೇ ಪ್ರಶ್ನಿಸಿದರು. ನೂರು ವರ್ಷಗಳಿಂದ ಎಲ್ಲರೂ ಬಲ್ಲ ಪುಸ್ತಕವೊಂದರ ಬಗೆಗೆ ಹೊಸ ವಾದ ಹುಟ್ಟಿದ್ದು ಹೊಸ ದಾಖಲೆಯೊಂದರಿಂದಷ್ಟೇ ಅಲ್ಲ, ಪಠ್ಯದ ನಿಧಾನವಾದ ಮರುಓದಿನಿಂದ ಎಂಬುದನ್ನು ಇಲ್ಲಿ ಗಮನಿಸಬೇಕು.

4

ಈ ಎರಡೂ ಊರುಗಳನ್ನು ಬೆಸೆಯುವ ಸಂಸ್ಥೆ ಆಂಧ್ರ ವಿಶ್ವವಿದ್ಯಾಲಯ. 1926ರಲ್ಲಿ ಬೆಜವಾಡದಲ್ಲಿ ಆರಂಭವಾಗಿ 1930ರಲ್ಲಿ ವಿಶಾಖಪಟ್ಟಣದ ವಾಲ್ತೇರಿಗೆ ಸ್ಥಳಾಂತರಗೊಂಡಿತು. ಅದರ ಮೊದಲ ಕುಲಪತಿ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು ಅದಕ್ಕೆ ಮೊದಲು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಅಧ್ಯಾಪಕರಾಗಿ, ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಯಾಗಿ ದುಡಿದವರು; ಕನ್ನಡಿಗರಿಗೂ ಸಂಬಂಧಪಟ್ಟವರು. 1914ರಲ್ಲಿ ಪ್ರಕಟವಾದ ಅವರ 'ಕವಿತ್ವತತ್ತ್ವವಿಚಾರಮು' ಆಧುನಿಕ ತೆಲುಗು ವಿಮರ್ಶೆಯ ಆರಂಭದ ಗ್ರಂಥಗಳಲ್ಲಿ ಪ್ರಮುಖವಾದುದು. ಅದು ಹದಿನಾರನೆಯ ಶತಮಾನದ ಪಿಂಗಳಿ ಸೂರನನ ಕಾವ್ಯಗಳ ಮರುಓದು. ಸೂರನನ 'ಕಳಾಪೂರ್ಣೋದಯಮು' ತನ್ನ ರಚನೆಯಿಂದಲೇ ಮರುಓದನ್ನು ಬಯಸುವ ಕಾವ್ಯ. ಘಟನೆಗಳು ಮೊದಲು ಬರುತ್ತವೆ, ಅವುಗಳ ಕಾರಣಗಳು ಬಹಳ ತಡವಾಗಿ ತಿಳಿಯುತ್ತವೆ. ಕೊನೆಯನ್ನು ಮುಟ್ಟಿದವನು ಮೊದಲಿಗೆ ಮರಳದೆ ಕಥೆ ಪೂರ್ಣವಾಗುವುದಿಲ್ಲ. ತೆಲುಗಿನ ಹೊಸ ವಿಮರ್ಶೆ ಇಂಥದೊಂದು ಕೃತಿಯನ್ನು ಆಯ್ದುಕೊಂಡು ಹೊರಟಿತೆಂಬುದು ಅರ್ಥಪೂರ್ಣವಾಗಿದೆ.

ಮರುಓದಿಗೆ ಪುಸ್ತಕ ಕೈಗೆ ಸಿಗಬೇಕು. ವಿಜಯವಾಡ ಈ ವಿಷಯದಲ್ಲಿಯೂ ಸ್ಮರಣೀಯ. 1914ರಲ್ಲಿ ಆಂಧ್ರದೇಶದ ಗ್ರಂಥಾಲಯ ಸಂಘ ರೂಪುಗೊಂಡದ್ದು ಇಲ್ಲಿ. ಅಯ್ಯಂಕಿ ವೆಂಕಟರಮಣಯ್ಯನವರು ಆ ಚಳವಳಿಯ ಪ್ರಾಣವಾಗಿದ್ದರು. 1935ರಲ್ಲಿ ಪಾತೂರಿ ನಾಗಭೂಷಣಂ ಅವರು ಕೃಷ್ಣಾ ಕಾಲುವೆಯಲ್ಲಿ ದೋಣಿಯ ಗ್ರಂಥಾಲಯವನ್ನು ಪೆದವಡ್ಲಪೂಡಿಯಿಂದ ನಡೆಸಿದರು. ದೋಣಿ ಹೊತ್ತ ಪುಸ್ತಕಗಳಿಗೆ ಮಿತಿಯಿದ್ದೇ ಇರುತ್ತದೆ. ಹಳ್ಳಿಯ ಓದುಗನು ಹಿಂದೆ ಓದಿದ್ದನ್ನೇ ಮತ್ತೆ ಕೇಳಿ ಪಡೆದಿರಬಹುದೆಂದು ಊಹಿಸುವುದು ತಪ್ಪಾಗಲಾರದು. ಹೊರನಾಡಿನ ನಮ್ಮ ಕಿರಿದಾದ ಕಪಾಟುಗಳೂ ಅಂಥ ದೋಣಿಗಳೇ.

5

ಇದಕ್ಕೆ ಆಕ್ಷೇಪವಿಲ್ಲದಿಲ್ಲ. ಮೆಚ್ಚಿದ್ದನ್ನೇ ಓದುತ್ತ ಕೂರುವುದು ರುಚಿಯನ್ನು ಹೆಪ್ಪುಗಟ್ಟಿಸುತ್ತದೆ; ಮಾನ್ಯವಾದ ಕೃತಿಗಳೇ ಮತ್ತೆ ಮಾನ್ಯವಾಗುತ್ತವೆ; ಹೊಸಬರಿಗೆ, ಅಂಚಿನವರಿಗೆ ಬಾಗಿಲು ತೆರೆಯುವುದಿಲ್ಲ. ಈ ಮಾತಿನಲ್ಲಿ ಸತ್ಯಾಂಶವಿದೆ. ಗಿರೀಶಂನ ನುಡಿಗಳನ್ನು ಉದ್ಧರಿಸಿ ನಗುವವರೆಲ್ಲ ನಾಟಕವನ್ನು ಮತ್ತೆ ಓದಿದವರಲ್ಲ. ಬನವಾಸಿಯ ಪದ್ಯವನ್ನು ವೇದಿಕೆಯಲ್ಲಿ ಹೇಳುವವರೆಲ್ಲ ಅದರ ಹಿಂದುಮುಂದಿನ ಆಶ್ವಾಸವನ್ನು ತೆರೆದವರಲ್ಲ. ಪಾರಾಯಣಕ್ಕೂ ಮರುಓದಿಗೂ ಇರುವ ಅಂತರವನ್ನು ನಾವು ಇಲ್ಲಿಯೇ ಗುರುತಿಸಬೇಕು. ಪಾರಾಯಣವು ತಿಳಿದದ್ದನ್ನು ಸ್ಥಿರಗೊಳಿಸುತ್ತದೆ. ಮರುಓದು ಅದನ್ನು ಅಲುಗಿಸುತ್ತದೆ. ದ್ರೌಪದಿಯ ಗೈರುಹಾಜರಿ, ಸುಬ್ಬಿಯ ಮೌನ ಇವು ಮೆಚ್ಚಿನ ಕೃತಿಗಳ ಬಗೆಗೆ ನಮ್ಮ ಮೆಚ್ಚುಗೆಯನ್ನು ಕಷ್ಟಕ್ಕೆ ಗುರಿಮಾಡುವ ಸಂಗತಿಗಳು. ಇವನ್ನು ಕಾಣಿಸಿದ್ದು ಕೃತಿಯ ಮೇಲಿನ ದ್ವೇಷವಲ್ಲ, ಪ್ರೀತಿ. ಮತ್ತೆ ಮತ್ತೆ ಹತ್ತಿರ ಹೋದವನಿಗೆ ಮಾತ್ರ ಅವು ಗೋಚರಿಸಿದವು. ಅಂಚಿನಲ್ಲಿರುವವರನ್ನು ಕಾಣಲು ಹೊಸ ಪುಸ್ತಕಗಳು ಬೇಕೇ ಬೇಕು. ಹಳೆಯ ಪುಸ್ತಕಗಳ ಒಳಗಿನ ಅಂಚುಗಳನ್ನು ಕಾಣಲು ಮರುಓದೂ ಬೇಕು.

ಪದಸೂಚಿಗಳೂ ಅಂಕೀಕೃತ ಪಠ್ಯಗಳೂ ಈಗ ನಮಗೆ ಬೇಕಾದ ಸಾಲನ್ನು ಕ್ಷಣದಲ್ಲಿ ತಂದೊಪ್ಪಿಸುತ್ತವೆ. ಈ ಸೌಲಭ್ಯ ಸ್ವಾಗತಾರ್ಹ. ಆದರೆ ಭೀಷ್ಮ ಎಂಬ ಪದವನ್ನು ಹುಡುಕಿ ಹೋದವನಿಗೆ ಕರ್ಣನ ಬಿರುನುಡಿ ಸಿಗುತ್ತದೆ, ಪಶ್ಚಾತ್ತಾಪವೂ ಸಿಗುತ್ತದೆ. ಅವೆರಡರ ನಡುವೆ ಅವನು ನಡೆದ ದಾರಿ ಸಿಗುವುದಿಲ್ಲ. ಆದ್ದರಿಂದ ಪ್ರಬಂಧಕ್ಕಾಗಿ ಒಂದು ಕೃತಿಯನ್ನು ಆಯ್ದುಕೊಂಡ ಸಂಶೋಧಕರು, ಟಿಪ್ಪಣಿ ಚೀಟಿಗಳನ್ನು ಬದಿಗಿಟ್ಟು, ಆ ಕೃತಿಯನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆಯಾದರೂ ಬರಿಯ ಸುಖಕ್ಕಾಗಿ ಮತ್ತೆ ಓದುವುದು ಅವರ ಅಧ್ಯಯನ ವಿಧಾನದ ಭಾಗವೇ ಆಗಬೇಕೆಂದು ನಾವು ಸೂಚಿಸುತ್ತೇವೆ. ಆ ಓದಿನಲ್ಲಿ ಮೊದಲ ತೀರ್ಮಾನಗಳು ಕೆಲವು ಬಿದ್ದುಹೋಗಬಹುದು. ಉಳಿದವುಗಳ ಮೇಲೆ ಪ್ರಬಂಧವನ್ನು ಕಟ್ಟುವುದು ಲೇಸು.